ರಾಷ್ಟ್ರೀಯ ಮಹತ್ವದ ಆಟ ನಮ್ಮ ಮನೆಗೂ ತಲುಪಲಿ: ಮಾಹಿತಿ ಮತ್ತು ಪ್ರಸಾರ ಸಚಿವರಿಗೆ ಉಡುಪಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮಾಹಿತಿ ಮತ್ತು ಪ್ರಸಾರ ಸಚಿವರು,
ಭಾರತ ಸರ್ಕಾರ, ನವದೆಹಲಿ.

ವಿಷಯ: ಅಂತರರಾಷ್ಟ್ರೀಯ ಕ್ರೀಡಾಕೂಟಗಳ ನೇರ ಪ್ರಸಾರವು ಕರಾವಳಿಯ ಸಾಮಾನ್ಯ ಮನೆಗಳಿಗೆ ಉಚಿತವಾಗಿ, ಪೂರ್ಣವಾಗಿ ಮತ್ತು ಕನ್ನಡದಲ್ಲಿ ದೊರೆಯಬೇಕೆಂಬ ಬಗ್ಗೆ.

ಮಾನ್ಯರೇ,

ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿರುವ ನಾನು ಉಡುಪಿಯ ಸಂತೆಕಟ್ಟೆಯ ಬಳಿ ವಾಸವಾಗಿದ್ದೇನೆ. ಯಾವ ಆಟದಲ್ಲೂ ಪದಕ ಗೆದ್ದವಳಲ್ಲ, ಯಾವ ಕ್ರೀಡಾ ಸಂಸ್ಥೆಯ ಪದಾಧಿಕಾರಿಯೂ ಅಲ್ಲ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್, ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಮುಂತಾದ ಕೂಟಗಳನ್ನು ಬಹುಕಾಲದಿಂದ ಮನೆಯ ಚಾವಡಿಯಲ್ಲಿ ಕುಳಿತು, ನಮ್ಮವರ ಹೆಸರು ಮತ್ತು ಸ್ಪರ್ಧೆಯ ಸಮಯವನ್ನು ಮೊದಲೇ ಬರೆದಿಟ್ಟುಕೊಂಡು, ನಡುರಾತ್ರಿಯಾದರೂ ಎದ್ದು ನೋಡುತ್ತ ಬಂದವಳು ಎಂಬುದಷ್ಟೇ ಈ ಪತ್ರ ಬರೆಯಲು ನನಗಿರುವ ಅರ್ಹತೆ. ಪ್ಯಾರಿಸ್ಸಿಗೋ ಟೋಕಿಯೋಗೋ ಟಿಕೆಟ್ ಕೊಂಡು ಹೋಗಬಲ್ಲವರು ಎಲ್ಲ ಕಾಲಕ್ಕೂ ಬೆರಳೆಣಿಕೆಯವರು. ಭಾರತದ ಕ್ರೀಡಾಪಟುವಿನ ಬೆನ್ನಿಗೆ ನಿಂತಿರುವ ಜನಸಮೂಹ ಇರುವುದು ಮನೆಗಳಲ್ಲಿ. ಆ ಮನೆಗಳಿಗೆ ಆಟ ಬರುವ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವುದನ್ನು ತಮ್ಮ ಗಮನಕ್ಕೆ ತರುವುದು, ಅದನ್ನು ಸರಿಪಡಿಸುವ ಅಧಿಕಾರ ತಮ್ಮ ಸಚಿವಾಲಯಕ್ಕೇ ಇದೆ ಎಂದು ನೆನಪಿಸುವುದು ನನ್ನ ಉದ್ದೇಶ.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಕಾನೂನು ಇಲ್ಲದಿಲ್ಲ. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಿದ್ದಾಗ, ಪ್ರಸಾರದ ಹಕ್ಕು ಪಡೆದ ಖಾಸಗಿ ಸಂಸ್ಥೆಗೂ ದೂರದರ್ಶನಕ್ಕೂ ವಿವಾದವಾಗಿ, ದೇಶದ ಬಹುಪಾಲು ಮನೆಗಳು ಕ್ರಿಕೆಟ್ ಪಂದ್ಯದ ನೇರ ಪ್ರಸಾರದಿಂದ ವಂಚಿತವಾದವು. ಅದರ ಬೆನ್ನಿಗೇ ಸುಗ್ರೀವಾಜ್ಞೆ ಹೊರಟು, ಅದೇ ವರ್ಷ, ದೂರದರ್ಶನ ಮತ್ತು ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಕ್ರೀಡಾ ಪ್ರಸಾರದ ಸಿಗ್ನಲ್ಲನ್ನು ಕಡ್ಡಾಯವಾಗಿ ಹಂಚಿಕೊಳ್ಳಬೇಕೆಂಬ ಕಾಯ್ದೆ ಬಂದಿತು. ರಾಷ್ಟ್ರೀಯ ಮಹತ್ವದ ಕ್ರೀಡಾಕೂಟಗಳು ಅತಿ ಹೆಚ್ಚು ಸಂಖ್ಯೆಯ ನೋಡುಗರಿಗೂ ಕೇಳುಗರಿಗೂ ಉಚಿತವಾಗಿ ದೊರೆಯಬೇಕು ಎಂಬುದೇ ತನ್ನ ಉದ್ದೇಶವೆಂದು ಆ ಕಾಯ್ದೆ ಮೊದಲ ಸಾಲಿನಲ್ಲೇ ಹೇಳಿಕೊಂಡಿದೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಮತ್ತು ಕಾಮನ್‌ವೆಲ್ತ್ ಗೇಮ್ಸ್ ತಮ್ಮ ಸಚಿವಾಲಯ ಹೊರಡಿಸಿದ ಅಧಿಸೂಚನೆಯ ಪಟ್ಟಿಯಲ್ಲಿವೆ. ಹಕ್ಕು ಪಡೆದವರು ತಮ್ಮ ಜಾಹೀರಾತುಗಳಿಲ್ಲದ ನೇರ ಸಿಗ್ನಲ್ಲನ್ನು ಅದೇ ಹೊತ್ತಿಗೆ ಪ್ರಸಾರ ಭಾರತಿಗೆ ಕೊಡಬೇಕು. ಟಿವಿ ಪ್ರಸಾರದಿಂದ ಬರುವ ಜಾಹೀರಾತು ಆದಾಯದಲ್ಲಿ ಕನಿಷ್ಠ ಶೇ. 75 ಭಾಗ ಹಕ್ಕುದಾರರಿಗೇ ಸಲ್ಲಬೇಕು. ಇದು ನ್ಯಾಯವಾದ ಏರ್ಪಾಡು ಎಂದೇ ನಾನು ತಿಳಿದಿದ್ದೇನೆ.

ಉಚಿತ ಪ್ರಸಾರದ ಆ ಮಾತು ನಡೆದಾಗ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ 4x400 ಮೀಟರ್ ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ ಮತ್ತು ಮನ್‌ದೀಪ್ ಕೌರ್ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಟ್ರ್ಯಾಕ್ ಓಟದಲ್ಲಿ ಭಾರತಕ್ಕೆ ಸಿಕ್ಕಿದ ಮೊದಲ ಚಿನ್ನ ಅದು. ಅಶ್ವಿನಿ ನಮ್ಮ ಕುಂದಾಪುರ ತಾಲೂಕಿನ ಸಿದ್ದಾಪುರದವರು. ಆ ಓಟ ದೂರದರ್ಶನದಲ್ಲಿ ಬಂದಿತ್ತು. ತೋಟದ ಕೆಲಸದವರ ಮನೆಯಲ್ಲೂ, ವೈದ್ಯರ ಮನೆಯಲ್ಲೂ, ಪೇಟೆಯ ಅಂಗಡಿಯಲ್ಲೂ ಒಂದೇ ಹೊತ್ತಿಗೆ ಅದನ್ನು ನೋಡಿದರು. ಮರುದಿನ ನನ್ನ ತರಗತಿಯ ಹೆಣ್ಣುಮಕ್ಕಳಲ್ಲಿ ಆ ಓಟವನ್ನು ನೋಡದವರು ಇರಲಿಲ್ಲ, ಮತ್ತು ಅಶ್ವಿನಿ ಮೂರನೆಯ ಸುತ್ತಿನಲ್ಲಿ ಆಸ್ಟ್ರೇಲಿಯಾ ಮತ್ತು ನೈಜೀರಿಯಾದವರ ಎದುರು ಹೇಗೆ ಓಡಿದರೆಂದು ಒಬ್ಬರಿಗೊಬ್ಬರು ವಿವರಿಸುತ್ತಿದ್ದರು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅಶ್ವಿನಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದಾಗ ಹರ್ಡಲ್ಸ್ ಎಂದರೇನು ಎಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಈಗ ಅದೇ ಕಾಯ್ದೆ ಜಾರಿಯಲ್ಲಿದೆ, ಆದರೆ ಅದು ಹಿಡಿದಿದ್ದ ದಾರಿಗಳು ನಮ್ಮ ಮನೆಗಳಿಂದ ದೂರವಾಗಿವೆ. ಹಂಚಿಕೊಂಡ ಸಿಗ್ನಲ್ಲನ್ನು ಪ್ರಸಾರ ಭಾರತಿ ತನ್ನ ಭೂಪ್ರಸಾರ ಜಾಲದಲ್ಲಿ ಮತ್ತು ತನ್ನ ಡಿಟಿಎಚ್ ಜಾಲದಲ್ಲಿ ಮರುಪ್ರಸಾರ ಮಾಡಬಹುದು ಎಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ. ಕೇಬಲ್ ಮೂಲಕ ದೂರದರ್ಶನ ನೋಡುವವರಿಗೂ ಅದು ಸಿಗಬಹುದೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, ಕಾಯ್ದೆಯ ಮಾತು ಆ ಎರಡು ಜಾಲಗಳಿಗೆ ಮಾತ್ರ ಸೀಮಿತ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿ ಬರೆದದ್ದನ್ನು ನ್ಯಾಯಾಲಯ ಓದಿ ಹೇಳಿದೆ, ಆ ಬಗ್ಗೆ ನನಗೆ ದೂರಿಲ್ಲ. ಆದರೆ ಆ ಎರಡು ಜಾಲಗಳಲ್ಲಿ ಒಂದು, ಅಂದರೆ ಮನೆಯ ಮಾಡಿನ ಮೇಲೆ ಆಂಟೆನಾ ಕಟ್ಟಿ ಹಿಡಿಯುತ್ತಿದ್ದ ಭೂಪ್ರಸಾರ, 2022ರ ಹೊತ್ತಿಗೆ ಗಡಿ ಮತ್ತು ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟು ದೇಶದ ಉಳಿದೆಡೆ ನಿಂತೇಹೋಯಿತು. ಹೀಗಾಗಿ ಕಾಯ್ದೆ ಕೊಟ್ಟ ಉಚಿತ ಪ್ರಸಾರದ ಮಾತು ಈಗ ಪ್ರಸಾರ ಭಾರತಿಯ ಡಿಟಿಎಚ್ ಆದ ಡಿಡಿ ಫ್ರೀ ಡಿಶ್ ಇರುವ ಮನೆಗಳಿಗೆ ಮಾತ್ರ ಉಳಿದಿದೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆಗೂ ಬಂದಿರುವುದು ಕೇಬಲ್ ಅಥವಾ ಖಾಸಗಿ ಡಿಟಿಎಚ್. ಆ ಮನೆಯವರು ತಿಂಗಳು ತಿಂಗಳು ಹಣ ಕಟ್ಟುತ್ತಾರೆ, ದೂರದರ್ಶನದ ವಾಹಿನಿಯೂ ಅವರ ಪಟ್ಟಿಯಲ್ಲಿರುತ್ತದೆ. ಆದರೂ ಭಾರತದ ಕ್ರಿಕೆಟ್ ಪಂದ್ಯ ನಡೆಯುತ್ತಿರುವ ಹೊತ್ತಿಗೆ ಆ ವಾಹಿನಿ ತೆರೆದರೆ ಬೇರೆ ಕಾರ್ಯಕ್ರಮ ಬರುತ್ತಿರುತ್ತದೆ.

ಹಾಗಿದ್ದರೆ ಫ್ರೀ ಡಿಶ್ ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಬಹುದು. ಒಂದೇ ಮನೆಗೆ ಎರಡು ಸಂಪರ್ಕ ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ ಎಂಬುದು ಹಾಗಿರಲಿ, ಕರಾವಳಿಯಲ್ಲಿ ಅದಕ್ಕಿಂತ ದೊಡ್ಡ ತೊಂದರೆಯೊಂದಿದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫ್ರೀ ಡಿಶ್ ಸೇರಿದಂತೆ ಎಲ್ಲ ಡಿಟಿಎಚ್‌ಗಳೂ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ದಪ್ಪ ಮಳೆಹನಿಗಳು ಹೀರಿಕೊಳ್ಳುವುದರಿಂದ ಜೋರು ಮಳೆಯಲ್ಲಿ ಚಿತ್ರ ಚೂರುಚೂರಾಗಿ, ಕೊನೆಗೆ ಪರದೆ ಖಾಲಿಯಾಗುತ್ತದೆ. ಬೇಸಿಗೆ ಒಲಿಂಪಿಕ್ಸ್ ನಡೆಯುವುದು ಯಾವಾಗ ಎಂದು ದಯವಿಟ್ಟು ಗಮನಿಸಿ. ಲಂಡನ್ ಕೂಟ 2012ರ ಜುಲೈ 27ರಿಂದ ಆಗಸ್ಟ್ 12, ಟೋಕಿಯೋ ಕೂಟ 2021ರ ಜುಲೈ 23ರಿಂದ ಆಗಸ್ಟ್ 8, ಪ್ಯಾರಿಸ್ ಕೂಟ 2024ರ ಜುಲೈ 26ರಿಂದ ಆಗಸ್ಟ್ 11. ತುಳುನಾಡಿನ ಲೆಕ್ಕದಲ್ಲಿ ಇದು ಆಟಿ ತಿಂಗಳು, ಮನೆಯಿಂದ ಹೊರಬೀಳಲಾಗದಷ್ಟು ಮಳೆ ಸುರಿಯುವ ಕಾಲ. ಆಳಸಮುದ್ರ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರುಗಳ ಸಾವಿರಾರು ಮೀನುಗಾರರು ಆಗ ದಡದಲ್ಲೇ ಇರುತ್ತಾರೆ. ನೋಡುವುದಕ್ಕೆ ಜನರಿಗೆ ಬಿಡುವಿರುವ ತಿಂಗಳಿನಲ್ಲೇ ಉಚಿತ ಪ್ರಸಾರ ಮಳೆಗೆ ಸೋಲುತ್ತದೆ. ದೊಡ್ಡ ಅಳತೆಯ ಡಿಶ್ ಹಾಕಿದರೆ ಈ ತೊಂದರೆ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದನ್ನು ಬಲ್ಲವರು ಹೇಳುತ್ತಾರೆ, ಆದರೆ ನಮ್ಮಲ್ಲಿ ಮಾರಾಟವಾಗುವುದು ಎಲ್ಲ ಕಡೆಯೂ ಸಿಗುವ ಸಣ್ಣ ಡಿಶ್.

ಇನ್ನು ಮೊಬೈಲಿನ ಆ್ಯಪ್. ನನ್ನ ನೆರೆಹೊರೆಯ ತರುಣರು ಅದರಲ್ಲೇ ನೋಡುತ್ತಾರೆ, ಅದು ತಪ್ಪಲ್ಲ. ಆದರೆ ಇಂಟರ್‌ನೆಟ್ ಮೂಲಕ ಬರುವ ಚಿತ್ರ ಉಪಗ್ರಹದ ಚಿತ್ರಕ್ಕಿಂತ ಹಿಂದೆ ಇರುವುದರಿಂದ, ಭಾರತದವರ ಎಸೆತ ನಮ್ಮ ಪರದೆಗೆ ಬರುವ ಮೊದಲೇ ಪಕ್ಕದ ಮನೆಯ ಚಪ್ಪಾಳೆ ಕೇಳಿ ಫಲಿತಾಂಶ ತಿಳಿದುಹೋಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಮನೆಯ ಇಂಟರ್‌ನೆಟ್ಟೂ ಹೋಗುತ್ತದೆ. ನನ್ನ ತಾಯಿಯಂಥ ವಯಸ್ಸಾದವರಿಗೆ ಅಂಗೈಯಗಲದ ಪರದೆಯಲ್ಲಿ ಷಟಲ್ ಎಲ್ಲಿ ಬಿತ್ತೆಂದು ಕಾಣುವುದಿಲ್ಲ. ಒಂದು ಕೂಟ ಒಂದು ಆ್ಯಪ್‌ನಲ್ಲಿ, ಇನ್ನೊಂದು ಕೂಟ ಇನ್ನೊಂದರಲ್ಲಿ, ಈ ವರ್ಷ ಉಚಿತವಾಗಿದ್ದದ್ದು ಮುಂದಿನ ವರ್ಷ ಚಂದಾಕ್ಕೆ ಸೇರುವ ಸ್ಥಿತಿಯಲ್ಲಿ ಯಾವುದನ್ನು ನಂಬಿ ಕೂರಬೇಕೆಂದು ತಿಳಿಯದೆ ಹಿರಿಯರು ನೋಡುವುದನ್ನೇ ಬಿಟ್ಟಿದ್ದಾರೆ. ನನ್ನ ಓರಗೆಯ ಹಲವರನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ. ಒಂದು ಕಾಲದಲ್ಲಿ ಪಿ.ಟಿ. ಉಷಾ ಅವರ ಓಟದ ಸಮಯವನ್ನು ಸೆಕೆಂಡಿನ ನೂರನೇ ಭಾಗದವರೆಗೂ ನೆನಪಿಟ್ಟವರು ಅವರು.

ಇದರ ನಷ್ಟ ಎಂಥದ್ದೆಂದು ಒಂದು ಉದಾಹರಣೆಯಿಂದ ಹೇಳಬಯಸುತ್ತೇನೆ. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿ. ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ, ನಾಲ್ಕನೆಯವನಿಗಿಂತ ಒಂದೇ ಕಿಲೋ ಮುಂದೆ ನಿಂತು ಕಂಚು ಗೆದ್ದರು. ಒಂದು ಕಿಲೋ ಅಂತರದ ಸ್ಪರ್ಧೆಯಲ್ಲಿ ಪ್ರತಿಯೊಂದು ಯತ್ನಕ್ಕೂ ಮೊದಲು ಎಷ್ಟು ಭಾರ ಕೇಳಬೇಕು, ಎದುರಾಳಿ ಎಷ್ಟು ಕೇಳುತ್ತಾನೆ ಎಂಬ ಲೆಕ್ಕಾಚಾರವೇ ಆಟದ ಜೀವ. ವಂಡ್ಸೆಯಿಂದ ನಾನಿರುವ ಜಾಗಕ್ಕೆ ಬಸ್ಸಿನಲ್ಲಿ ಒಂದೂವರೆ-ಎರಡು ಗಂಟೆಯ ದಾರಿ. ಹಾಗಿದ್ದೂ ಎರಡು ಸಲವೂ ನಮ್ಮ ಕೇಬಲ್ ಪ್ಯಾಕಿನಲ್ಲಿ ಆ ಸ್ಪರ್ಧೆ ಬರುತ್ತಿದ್ದ ವಾಹಿನಿ ಇರಲಿಲ್ಲ. ಪದಕ ಬಂದ ಸುದ್ದಿ ಮೊಬೈಲಿಗೆ ಬಂದಿತು, ಕೊನೆಯ ಎತ್ತುಗೆಯ ಅರ್ಧ ನಿಮಿಷದ ತುಣುಕು ಸಂಜೆ ಬಂದಿತು, ಸ್ಪರ್ಧೆ ಬರಲಿಲ್ಲ. ನಮ್ಮ ಜಿಲ್ಲೆಯ ಹುಡುಗನೊಬ್ಬ ದೇಶಕ್ಕಾಗಿ ಸ್ಪರ್ಧಿಸುವುದನ್ನು ನಮ್ಮ ಜಿಲ್ಲೆಯ ಮನೆಗಳು ನೋಡಲಾಗಲಿಲ್ಲವೆಂದರೆ ಆ ಕೂಟವನ್ನು ರಾಷ್ಟ್ರೀಯ ಮಹತ್ವದ್ದೆಂದು ಅಧಿಸೂಚನೆ ಹೊರಡಿಸಿದ್ದರಿಂದ ನಮಗೆ ಬಂದದ್ದೇನು?

ವಾಹಿನಿ ಸಿಕ್ಕಿದಾಗಲೂ ಆಟ ಪೂರ್ತಿಯಾಗಿ ಸಿಗುವುದಿಲ್ಲ ಎಂಬುದು ನನ್ನ ಎರಡನೆಯ ದೂರು. ಇಲ್ಲಿ ಯಾವ ವಾಹಿನಿಯ ಹೆಸರನ್ನೂ ನಾನು ಹೇಳುವುದಿಲ್ಲ, ಏಕೆಂದರೆ ಇದು ಒಬ್ಬರ ಅಭ್ಯಾಸವಾಗಿ ಉಳಿದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲೇ 2022ರ ಆಗಸ್ಟ್ 7ರಂದು ಪುರುಷರ ತ್ರಿವಿಧ ಜಿಗಿತದಲ್ಲಿ ಎಲ್ದೋಸ್ ಪೌಲ್ 17.03 ಮೀಟರ್ ಜಿಗಿದು ಚಿನ್ನ, ಅಬ್ದುಲ್ಲಾ ಅಬೂಬಕ್ಕರ್ 17.02 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಒಂದೇ ದೇಶದ ಇಬ್ಬರ ನಡುವೆ ಒಂದು ಸೆಂಟಿಮೀಟರ್ ಅಂತರ. ಅದರ ಹಿಂದಿನ ದಿನ 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ಅವಿನಾಶ್ ಸಾಬ್ಳೆ ಕೆನ್ಯಾದ ಅಬ್ರಹಾಂ ಕಿಬಿವೋಟ್ ಅವರಿಗಿಂತ 0.05 ಸೆಕೆಂಡ್ ಹಿಂದೆ ಬಂದು, 8 ನಿಮಿಷ 11.20 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಜಿಗಿತದ ಸ್ಪರ್ಧೆಯೆಂದರೆ ಆರು ಸುತ್ತುಗಳ ಕಥೆ. ಮೂರನೆಯ ಸುತ್ತಿನಲ್ಲಿ ಯಾರು ಮುಂದಿದ್ದರು, ಯಾರ ಕಾಲು ಹಲಗೆ ದಾಟಿ ಫೌಲ್ ಆಯಿತು ಎಂದು ತಿಳಿಯದೆ ಗೆಲುವಿನ ಒಂದು ಜಿಗಿತವನ್ನು ಮಾತ್ರ ನೋಡುವುದು ಪುಸ್ತಕದ ಕೊನೆಯ ಪುಟವನ್ನಷ್ಟೇ ಓದಿದ ಹಾಗೆ. ನಮಗೆ ದೊರೆಯುವುದು ಹೆಚ್ಚಾಗಿ ಆ ಕೊನೆಯ ಪುಟ. ನಡುವಿನ ಹೊತ್ತಿನಲ್ಲಿ ಸ್ಟುಡಿಯೋದಲ್ಲಿ ಕುಳಿತವರ ಮಾತು, ಅವೇ ಜಾಹೀರಾತುಗಳು, ಹಿಂದಿನ ದಿನದ ಗೆಲುವಿನ ಮರುಪ್ರಸಾರ.

ಚಿತ್ರವೇ ಇಲ್ಲದ್ದರಿಂದ ಹೀಗಾಗುತ್ತಿದೆ ಎನ್ನುವಂತಿಲ್ಲ. ಒಲಿಂಪಿಕ್ಸ್‌ನ ಚಿತ್ರೀಕರಣಕ್ಕೆಂದೇ ಇರುವ ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವಿಸಸ್ ಪ್ಯಾರಿಸ್ ಕೂಟಕ್ಕಾಗಿ 11,000 ಗಂಟೆಗಳಿಗೂ ಹೆಚ್ಚು ಪ್ರಸಾರ ಸಾಮಗ್ರಿಯನ್ನು ಸಿದ್ಧಪಡಿಸಿತು. ಅಥ್ಲೆಟಿಕ್ಸ್ ಕ್ರೀಡಾಂಗಣದಲ್ಲಿ ಓಟಕ್ಕೆ, ಜಿಗಿತಕ್ಕೆ, ಎಸೆತಕ್ಕೆ ಬೇರೆ ಬೇರೆ ಕ್ಯಾಮೆರಾ ತಂಡಗಳು ಇದ್ದು, ಬೇರೆ ಬೇರೆ ಸಿಗ್ನಲ್‌ಗಳು ಹೊರಡುತ್ತವೆ. ಆಯ್ಕೆ ನಡೆಯುವುದು ನಮ್ಮ ದೇಶದಲ್ಲಿ, ಪದಕ ಬರುವ ಭರವಸೆ ಇದೆಯೇ ಇಲ್ಲವೇ ಎಂಬ ಒಂದೇ ಅಳತೆಗೋಲಿನಿಂದ. 2023ರ ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಮುಹಮ್ಮದ್ ಅನಸ್, ಅಮೋಜ್ ಜೇಕಬ್, ಮುಹಮ್ಮದ್ ಅಜ್ಮಲ್, ರಾಜೇಶ್ ರಮೇಶ್ ಅವರ 4x400 ಮೀಟರ್ ರಿಲೇ ತಂಡ ಅಮೆರಿಕದ ಬೆನ್ನಿಗೇ ಓಡಿ 2 ನಿಮಿಷ 59.05 ಸೆಕೆಂಡಿನಲ್ಲಿ ಏಷ್ಯಾದ ದಾಖಲೆ ಬರೆದದ್ದು ಫೈನಲ್‌ನಲ್ಲಲ್ಲ, ಹೀಟ್ಸ್‌ನಲ್ಲಿ, ಅಂದರೆ ಅರ್ಹತಾ ಸುತ್ತಿನಲ್ಲಿ. ನನಗೆ ತಿಳಿದವರಲ್ಲಿ ಆ ಓಟವನ್ನು ಅದು ನಡೆಯುವಾಗಲೇ ಕಂಡವರು ತೀರಾ ಕಡಿಮೆ. ಅಜ್ಜರಕಾಡಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ, ಮಂಗಳೂರಿನ ಮಂಗಳ ಕ್ರೀಡಾಂಗಣದಲ್ಲಿ, ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಬೆಳಿಗ್ಗೆ ಸಂಜೆ ಓಡುವ ಮಕ್ಕಳಿಗೆ ಫೈನಲ್‌ನಷ್ಟೇ ಹೀಟ್ಸ್ ಕೂಡ ಪಾಠ. ಅವರು ನಾಳೆ ಮೊದಲು ನಿಲ್ಲಬೇಕಾಗಿರುವುದು ಹೀಟ್ಸ್‌ನಲ್ಲೇ. ಪ್ಯಾರಾಲಿಂಪಿಕ್ಸ್ ವಿಷಯದಲ್ಲಿ ನಿರ್ಲಕ್ಷ್ಯ ಇನ್ನೂ ಹೆಚ್ಚು: ಪ್ಯಾರಿಸ್‌ನಲ್ಲಿ 7 ಚಿನ್ನ ಸೇರಿ 29 ಪದಕ ಗೆದ್ದ ತಂಡದ ಎಷ್ಟು ಸ್ಪರ್ಧೆಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇವೆ ಎಂದು ನನ್ನಂಥ ಯಾವ ಅಭಿಮಾನಿಯನ್ನು ಕೇಳಿದರೂ ಉತ್ತರ ಸಮಾಧಾನ ಕೊಡುವಂತಿರುವುದಿಲ್ಲ.

ಮೂರನೆಯದು ಭಾಷೆ. ಕ್ರಿಕೆಟ್‌ಗೆ ಕನ್ನಡ ವೀಕ್ಷಕ ವಿವರಣೆ ಬಂದು ವರ್ಷಗಳಾದವು, ಜನ ಅದನ್ನು ಪ್ರೀತಿಯಿಂದ ಸ್ವೀಕರಿಸಿದ್ದಾರೆ. ಆ ಭಾಗ್ಯ ಅಂತರರಾಷ್ಟ್ರೀಯ ಕೂಟಗಳ ಉಳಿದ ಆಟಗಳಿಗೆ ಏಕೆ ಇಲ್ಲ? ಕಬಡ್ಡಿಯನ್ನೇ ತೆಗೆದುಕೊಳ್ಳಿ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಆಡಿದವರು, 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ತಂಡದ ನಾಯಕಿ. ಕಬಡ್ಡಿ ನಮ್ಮ ಊರುಗಳ ಆಟ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮಹಿಳೆಯರು ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿ ದೇಶಕ್ಕೆ ಆ ಕೂಟದ ನೂರನೆಯ ಪದಕ ತಂದರು. ಅದೇ ದಿನ ಪುರುಷರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಅವರ ಒಂದು ರೈಡಿನ ತೀರ್ಪಿನ ಬಗ್ಗೆ ವಿವಾದವೆದ್ದು ಪಂದ್ಯ ಬಹಳ ಹೊತ್ತು ನಿಂತು, ಕೊನೆಗೆ ಭಾರತ ಇರಾನನ್ನು 33-29ರಿಂದ ಗೆದ್ದಿತು. ಅಂಕಣದ ಬದಿಯ ಪಟ್ಟಿಯಾದ ಲಾಬಿಗೆ ಕಾಲಿಟ್ಟ ರೈಡರ್‌ನ ಮತ್ತು ಅವನ ಹಿಂದೆ ಹೋದ ಆಟಗಾರರ ಗತಿ ಏನು ಎಂಬ ಆ ನಿಯಮದ ಸೂಕ್ಷ್ಮವನ್ನು ನಮ್ಮೂರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ಮೈಕ್ ಹಿಡಿಯುವ ಯಾವ ಉದ್ಘೋಷಕರಾದರೂ ಎರಡು ವಾಕ್ಯದಲ್ಲಿ ಬಿಡಿಸಿ ಹೇಳಬಲ್ಲರು. ರಾತ್ರಿ ಇಡೀ ಕಂಬಳದ ಜೋಡುಕರೆಯ ಬದಿಯಲ್ಲಿ ನಿಂತು, ಯಾವ ಕೋಣ ಯಾರ ಮನೆಯದು, ಓಡಿಸಿದವರು ಯಾರು ಎಂದು ಉಸಿರು ಬಿಡದೆ ಹೇಳುವವರು ಈ ಜಿಲ್ಲೆಗಳಲ್ಲಿದ್ದಾರೆ. ಕನ್ನಡದಲ್ಲಿ ವಿವರಣೆ ಕೊಡಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ, ಅವರನ್ನು ಕರೆದವರಿಲ್ಲ.

ಹಕ್ಕು ಪಡೆದ ಸಂಸ್ಥೆಗಳು ಕೋಟಿಗಟ್ಟಲೆ ಹಣ ಹೂಡಿರುತ್ತವೆ, ಅವರ ವಾಹಿನಿಯಲ್ಲಿ ಬರುವುದೆಲ್ಲ ಕೇಬಲ್‌ನಲ್ಲಿ ಉಚಿತವಾಗಿ ದೊರೆತರೆ ಅವರಿಗೆ ಚಂದಾದಾರರು ಉಳಿಯುವುದು ಹೇಗೆ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವರ ಹಣವಿಲ್ಲದೆ ಎಷ್ಟೋ ಕೂಟಗಳು ನಮ್ಮ ದೇಶಕ್ಕೆ ಪ್ರಸಾರವೇ ಆಗುತ್ತಿರಲಿಲ್ಲ. ಆದರೆ ನಾನು ಕೇಳುತ್ತಿರುವುದು ಅವರ ವಾಹಿನಿಗಳನ್ನೆಲ್ಲ ಉಚಿತ ಮಾಡಿ ಎಂದಲ್ಲ. ಸರ್ಕಾರವೇ ರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ, ಸಂಖ್ಯೆಯಲ್ಲಿ ಮಿತವಾದ ಕೂಟಗಳಲ್ಲಿ, ಅದರಲ್ಲೂ ಒಲಿಂಪಿಕ್ಸ್, ಏಷ್ಯನ್ ಮತ್ತು ಕಾಮನ್‌ವೆಲ್ತ್ ಕೂಟಗಳಲ್ಲಿ, ಭಾರತದವರು ಸ್ಪರ್ಧಿಸುವ ಆಟಗಳು ಮಾತ್ರ ಎಲ್ಲರಿಗೂ ಸಿಗಲಿ ಎಂಬುದಷ್ಟೇ ನನ್ನ ಮನವಿ. ನೋಡುಗರು ಹೆಚ್ಚಿದರೆ ಜಾಹೀರಾತಿನ ಆದಾಯವೂ ಹೆಚ್ಚುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಅವರಿಗೇ ಹೋಗುತ್ತದೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದು ಕೂಡ ಒಂದು ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ಮೊಕದ್ದಮೆಯಲ್ಲೇ ಎಂಬುದನ್ನು ತಮಗೆ ನೆನಪಿಸಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ನನ್ನ ಮೊದಲ ಹಾಗೂ ಮುಖ್ಯ ಬೇಡಿಕೆ ಕಾಯ್ದೆಯ ತಿದ್ದುಪಡಿ. ಹಂಚಿಕೆಯಾದ ಸಿಗ್ನಲ್ ಕೇಬಲ್ ಮತ್ತು ಖಾಸಗಿ ಡಿಟಿಎಚ್‌ನಲ್ಲಿ ಬರುವ ದೂರದರ್ಶನದ ವಾಹಿನಿಗೂ ಸಲ್ಲುವಂತೆ ಮಾಡುವ ತಿದ್ದುಪಡಿಯ ಕರಡನ್ನು ತಮ್ಮ ಸಚಿವಾಲಯವೇ 2018ರಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಅದು ಕಾನೂನಾಗಿ ಹೊರಬಂದಿಲ್ಲ. ಭೂಪ್ರಸಾರವೇ ನಿಂತಿರುವಾಗ ಆ ಕರಡಿನ ಅಗತ್ಯ ಅಂದಿಗಿಂತ ಇಂದು ಹೆಚ್ಚಾಗಿದೆ. ದಯವಿಟ್ಟು ಅದನ್ನು ಮತ್ತೆ ಕೈಗೆತ್ತಿಕೊಂಡು, ಪ್ರಸಾರ ಭಾರತಿ 2024ರಲ್ಲಿ ಆರಂಭಿಸಿದ ವೇವ್ಸ್ ಆ್ಯಪ್ ಅನ್ನೂ ಅದರ ವ್ಯಾಪ್ತಿಗೆ ಸೇರಿಸಿ ಸಂಸತ್ತಿನ ಮುಂದಿಡಬೇಕು.

ಕಾನೂನು ಆಗುವವರೆಗೆ ಕಾಯದೆಯೂ ಮಾಡಬಹುದಾದ ಕೆಲಸಗಳಿವೆ. ಕ್ರೀಡೆಗೂ ದೇಶದ ಎಲ್ಲ ಪ್ರದೇಶಗಳ ಭಾಷೆಗಳಿಗೂ ತಕ್ಕ ಅವಕಾಶ ಕೊಡುವುದು ಪ್ರಸಾರ ಭಾರತಿಯ ಕರ್ತವ್ಯವೆಂದು 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಡಿಜಿಟಲ್ ಪ್ರಸಾರದಲ್ಲಿ ಒಂದೇ ಚಿತ್ರಕ್ಕೆ ಹಲವು ಧ್ವನಿಗಳನ್ನು ಜೋಡಿಸುವ ಸೌಲಭ್ಯ ಇರುವುದರಿಂದ ಡಿಡಿ ಸ್ಪೋರ್ಟ್ಸ್‌ನಲ್ಲಿ ಕನ್ನಡದ ಧ್ವನಿಯನ್ನು ಸೇರಿಸಲು ಬೇರೆ ವಾಹಿನಿ ಬೇಕಿಲ್ಲ. ಕರ್ನಾಟಕದವರು ಸ್ಪರ್ಧಿಸುವ ದಿನ ಆ ಸ್ಪರ್ಧೆಯನ್ನು ಚಂದನದಲ್ಲಿ ತೋರಿಸಬಹುದು. ಮಂಗಳೂರಿನಲ್ಲಿ 1976ರಿಂದ ಆಕಾಶವಾಣಿ ಕೇಂದ್ರವಿದೆ. ಕಬಡ್ಡಿ, ಹಾಕಿ, ಅಥ್ಲೆಟಿಕ್ಸ್‌ನ ಮುಖ್ಯ ಸ್ಪರ್ಧೆಗಳಿಗೆ ಅಲ್ಲಿಂದ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡಿಸಿದರೆ, ಆಗಸ್ಟ್‌ನಲ್ಲಿ ಮತ್ತೆ ಕಡಲಿಗಿಳಿಯುವ ದೋಣಿಯವರೂ, ವಿದ್ಯುತ್ ಹೋದ ಮನೆಯವರೂ ಬ್ಯಾಟರಿ ರೇಡಿಯೋದಲ್ಲಿ ಕೇಳಬಹುದು. 2007ರ ಕಾಯ್ದೆ ರೇಡಿಯೋಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಮರೆತೇಬಿಟ್ಟಂತಿದೆ. ಪ್ರತಿದಿನ ಸಂಜೆ, ಮರುದಿನ ಯಾವ ಭಾರತೀಯರು ಎಷ್ಟು ಗಂಟೆಗೆ ಯಾವ ಸ್ಪರ್ಧೆಯಲ್ಲಿದ್ದಾರೆ, ಅದು ಯಾವ ವಾಹಿನಿಯಲ್ಲಿ ಬರುತ್ತದೆ ಎಂಬ ಪಟ್ಟಿಯನ್ನು ಭಾರತೀಯ ಕಾಲಮಾನದಲ್ಲಿ, ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕು. ಮಳೆ ಹೆಚ್ಚಿರುವ ಜಿಲ್ಲೆಗಳಿಗೆ ದೊಡ್ಡ ಅಳತೆಯ ಡಿಶ್ ಸುಲಭ ಬೆಲೆಗೆ ಸಿಗುವಂತೆ ಮಾಡಬೇಕು. ಭಾರತದವರಿರುವ ಜಿಗಿತ ಮತ್ತು ಎಸೆತದ ಸ್ಪರ್ಧೆಗಳ ಫೈನಲ್‌ಗಳನ್ನಾದರೂ ಮೊದಲ ಯತ್ನದಿಂದ ಕೊನೆಯ ಯತ್ನದವರೆಗೆ ಕಡಿಯದೆ ತೋರಿಸಬೇಕೆಂದು, ಹೀಟ್ಸ್‌ಗಳನ್ನು ಬಿಡಬಾರದೆಂದು ಹಕ್ಕುದಾರರಿಗೂ ದೂರದರ್ಶನಕ್ಕೂ ಸೂಚನೆ ಹೋಗಬೇಕು.

ಸಮಯ ಹೆಚ್ಚಿಲ್ಲ. 2026ರ ಜುಲೈ 23ರಿಂದ ಆಗಸ್ಟ್ 2ರವರೆಗೆ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಕೂಟ, ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಕೂಟ ನಿಗದಿಯಾಗಿವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಜುಲೈ 14ರಿಂದ 30ರವರೆಗೆ ನಡೆಯಲಿದ್ದು, ಅಲ್ಲಿಯ ಸಂಜೆ ನಮಗೆ ಮರುದಿನದ ಬೆಳಗ್ಗೆ. ಶಾಲೆಗೆ ಹೊರಡುವ ಮೊದಲು ಮಕ್ಕಳು ನೋಡಬಹುದಾದ ಹೊತ್ತು ಅದು. 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬಂದಿದೆ. ಕೂಟವನ್ನು ನಮ್ಮ ದೇಶದಲ್ಲೇ ನಡೆಸಲು ಹೊರಟಿರುವ ಸರ್ಕಾರ, ಅದನ್ನು ದೇಶದ ಮನೆಗಳಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಅದಕ್ಕೂ ಮೊದಲೇ ಸರಿಪಡಿಸುತ್ತದೆ ಎಂದು ನಾನು ನಂಬಿದ್ದೇನೆ.

ತಿದ್ದುಪಡಿಯ ಕರಡು ಯಾವ ಹಂತದಲ್ಲಿದೆ, ಮುಂಬರುವ ಏಷ್ಯನ್ ಕೂಟಕ್ಕೆ ಕನ್ನಡ ವೀಕ್ಷಕ ವಿವರಣೆಯ ಏರ್ಪಾಡು ಆಗುವುದೇ ಎಂಬ ಎರಡು ಪ್ರಶ್ನೆಗಳಿಗೆ ತಮ್ಮ ಸಚಿವಾಲಯದಿಂದ ಲಿಖಿತ ಉತ್ತರವನ್ನು ಕೋರುತ್ತೇನೆ. ಉತ್ತರ ಬಂದರೆ ಅದನ್ನು ಈ ಪತ್ರದಂತೆಯೇ ಎಲ್ಲರೂ ಓದುವ ಹಾಗೆ ಪ್ರಕಟಿಸುತ್ತೇನೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ಕ್ರೀಡಾಭಿಮಾನಿ, ನಿವೃತ್ತ ಕನ್ನಡ ಅಧ್ಯಾಪಕಿ

ಪ್ರತಿಗಳು: ಉಡುಪಿ-ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಗಳ ಮಾನ್ಯ ಸದಸ್ಯರಿಗೆ, ಈ ವಿಷಯವನ್ನು ಸಂಸತ್ತಿನಲ್ಲಿ ಪ್ರಸ್ತಾಪಿಸಬೇಕೆಂಬ ವಿನಂತಿಯೊಂದಿಗೆ.